ಹತ್ತನೇ ತರಗತಿಯ ನಂತರದ ಮೂರು ವರ್ಷ



ಬೇಸಿಗೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಎರಡು ಸಂಗತಿಗಳು ಜೊತೆಜೊತೆಯಲ್ಲೇ ನಡೆಯುತ್ತವೆ. ಒಂದು ಕಡೆ ಎಸ್‌ಎಸ್‌ಎಲ್‌ಸಿ ಪರೀಕ್ಷೆ ಬರೆದ ಮಕ್ಕಳು ಫಲಿತಾಂಶಕ್ಕೆ ಕಾಯುತ್ತಿರುತ್ತಾರೆ. ಇನ್ನೊಂದು ಕಡೆ ಜಾತ್ರೆ, ಸಾಮೂಹಿಕ ವಿವಾಹ, ಲಗ್ನದ ಮುಹೂರ್ತಗಳ ಸಾಲು. ಪಾಸಾದ ಹುಡುಗಿಯರ ಪೈಕಿ ಒಂದಷ್ಟು ಮಂದಿ ಪಿಯು ಕಾಲೇಜಿನ ಕಡೆಗೆ ಬರುವುದೇ ಇಲ್ಲ. ಮುಂದಿನ ಬೇಸಿಗೆಯ ಹೊತ್ತಿಗೆ ಅವರ ಹೆಸರು ಆಶಾ ಕಾರ್ಯಕರ್ತೆ ಬರೆದಿಟ್ಟುಕೊಂಡ ಗರ್ಭಿಣಿಯರ ಪಟ್ಟಿಯಲ್ಲಿ ಸಿಗುತ್ತದೆ. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ವಿಭಾಗದಲ್ಲಿ ವೈದ್ಯೆಯಾಗಿ ಕೆಲಸ ಮಾಡಿದವಳು ನಾನು. ಅಂಥ ಹುಡುಗಿಯರನ್ನು ಹತ್ತಿರದಿಂದ ನೋಡಿದ್ದೇನೆ. ಇವತ್ತು ಅವರ ವಿಷಯವಾಗಿಯೇ ನಿಮ್ಮೊಡನೆ ನಾಲ್ಕು ಮಾತು ಆಡಬೇಕೆಂದಿದ್ದೇನೆ.

ಮೊದಲು ಅಂಕಿಅಂಶ ನೋಡೋಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ನಡೆದದ್ದು 2019ರಿಂದ 2021ರವರೆಗೆ. 15ರಿಂದ 19 ವರ್ಷದೊಳಗಿನ ಹೆಣ್ಣುಮಕ್ಕಳಲ್ಲಿ ಆಗಲೇ ತಾಯಿಯಾದವರು ಅಥವಾ ಬಸಿರಿಯಾದವರು ದೇಶದಲ್ಲಿ ಶೇಕಡ 6.8, ಕರ್ನಾಟಕದಲ್ಲಿ ಶೇಕಡ 5.4. ಅದಕ್ಕೂ ಮುಂಚಿನ, ಅಂದರೆ 2015-16ರ ಸಮೀಕ್ಷೆಯಲ್ಲಿ ನಮ್ಮ ರಾಜ್ಯದ ಪ್ರಮಾಣ ಶೇಕಡ 7.8 ಇತ್ತು. ಇಳಿದಿದೆ, ಸಂತೋಷ. ಆದರೆ ಅದೇ ಸಮೀಕ್ಷೆಯಲ್ಲಿ ಇನ್ನೊಂದು ಲೆಕ್ಕವಿದೆ. 20ರಿಂದ 24 ವರ್ಷದ ಮಹಿಳೆಯರಲ್ಲಿ 18 ತುಂಬುವ ಮೊದಲೇ ಮದುವೆಯಾದವರು ಎಷ್ಟು ಎಂದು ಕೇಳಿದ್ದಾರೆ. ಕರ್ನಾಟಕದಲ್ಲಿ ಶೇಕಡ 21.3. ಹಿಂದಿನ ಸಲ 21.4 ಇತ್ತು. ಐದು ವರ್ಷದಲ್ಲಿ ಅದು ಹೆಚ್ಚು ಕಡಿಮೆ ಇದ್ದಲ್ಲೇ ಇದೆ. ಐವರಲ್ಲಿ ಒಬ್ಬಳು ಬಾಲ್ಯದಲ್ಲೇ ಮದುವೆಯಾದವಳು ಎಂದಾಯಿತು. ವಿಜಯಪುರ, ಬಾಗಲಕೋಟೆ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳದ ಕಡೆ ಇದು ಹೆಚ್ಚು. ಹಾಗೆಂದು ದಕ್ಷಿಣದ ಜಿಲ್ಲೆಗಳವರು ನಮಗೇನೂ ಸಂಬಂಧವಿಲ್ಲ ಎಂದು ಸುಮ್ಮನಿರುವ ಹಾಗಿಲ್ಲ.

ಹದಿಹರೆಯದ ಹುಡುಗಿ ಬಸಿರಾದಳು ಎಂದರೆ ಜನ ತಟ್ಟನೆ ಅವಳ ನಡತೆಯ ಮಾತು ಎತ್ತುತ್ತಾರೆ. ಮೊಬೈಲಿನ ಮಾತು, ಸಿನಿಮಾದ ಮಾತು ಬರುತ್ತದೆ. ಆದರೆ ನಮ್ಮ ಆಸ್ಪತ್ರೆಗಳಿಗೆ ಬರುವ ಇಂಥ ಹುಡುಗಿಯರಲ್ಲಿ ಬಹುಪಾಲು ಮಂದಿಯ ಕೊರಳಲ್ಲಿ ತಾಳಿ ಇರುತ್ತದೆ. ಹಿರಿಯರೇ ಕೂತು ಮಾತಾಡಿ ಮಾಡಿದ ಮದುವೆ ಅದು. ಊರೆಲ್ಲ ಬಂದು ಅಕ್ಷತೆ ಹಾಕಿ ಊಟ ಮಾಡಿ ಹೋಗಿರುತ್ತದೆ. ಹಾಗಾಗಿ ಈ ಪ್ರಶ್ನೆಯನ್ನು ಹುಡುಗಿಯ ಮುಂದೆ ಇಡುವುದಕ್ಕಿಂತ ಮೊದಲು ಅಕ್ಷತೆ ಹಾಕಿದ ನಮ್ಮೆಲ್ಲರ ಮುಂದೆ ಇಡಬೇಕು.

ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ವಿಶೇಷ ತಪಾಸಣೆ ನಡೆಯುತ್ತದೆ. ಉತ್ತರ ಕರ್ನಾಟಕದ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಅಂಥದೊಂದು ದಿನ. ಹೊರಗೆ ಉದ್ದನೆಯ ಸಾಲು. ಒಳಗೆ ಬಂದ ಹುಡುಗಿಯ ಕೈತುಂಬ ಹಸಿರು ಬಳೆ, ಅಂಗೈಯಲ್ಲಿ ಮಾಸಿದ ಮೆಹಂದಿ. ಜೊತೆಗೆ ಅತ್ತೆ. ನರ್ಸಮ್ಮ ತಾಯಿ ಕಾರ್ಡ್ ತೆಗೆದುಕೊಂಡು ವಯಸ್ಸು ಕೇಳಿದರು. ಹುಡುಗಿ ಬಾಯಿ ತೆರೆಯುವ ಮೊದಲೇ ಅತ್ತೆ, “ಹತ್ತೊಂಬತ್ತು ಅಂತ ಬರಕೊಳ್ರಿ ಅಕ್ಕಾರ” ಎಂದರು. ಹೆಸರು ಕೇಳಿದರೂ ಅತ್ತೆಯದೇ ಉತ್ತರ, ಮುಟ್ಟು ನಿಂತ ದಿನ ಕೇಳಿದರೂ ಅತ್ತೆಯದೇ ಉತ್ತರ. ತೂಕದ ಯಂತ್ರ 38 ಕಿಲೋ ತೋರಿಸಿತು. ರಕ್ತದಲ್ಲಿ ಹಿಮೋಗ್ಲೋಬಿನ್ 8ರ ಆಸುಪಾಸು. ಬಸುರಿಗೆ ಅದು 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ ಎನ್ನುತ್ತೇವೆ. ಯಾವುದೋ ಕಾಗದಕ್ಕೆ ಸಹಿ ಬೇಕಾಗಿ ನರ್ಸಮ್ಮ ಹೆಬ್ಬೆಟ್ಟಿನ ಮಸಿ ಮುಂದಿಟ್ಟರು. ಹುಡುಗಿ ಅದನ್ನು ಪಕ್ಕಕ್ಕೆ ಸರಿಸಿ ಪೆನ್ನು ತೆಗೆದುಕೊಂಡಳು. ಕಾಪಿ ಪುಸ್ತಕದಲ್ಲಿ ತಿದ್ದಿದಂಥ ದುಂಡನೆಯ ಅಕ್ಷರದಲ್ಲಿ ಹೆಸರು ಬರೆದಳು. “ಎಷ್ಟು ಓದೀಯವ್ವ?” ಎಂದು ಕೇಳಿದೆ. “ಎಸ್‌ಎಸ್‌ಎಲ್‌ಸಿ ರೀ. ಫಸ್ಟ್ ಕ್ಲಾಸ್.” ಅಷ್ಟು ಹೊತ್ತಿನಲ್ಲಿ ಅವಳು ತಾನಾಗಿ ಕೊಟ್ಟ ಉತ್ತರ ಅದೊಂದೇ.

ಇಂಥ ಹುಡುಗಿಯ ಮೈಯೊಳಗೆ ಆಗ ಏನು ನಡೆಯುತ್ತಿರುತ್ತದೆ ಎಂಬುದನ್ನು ತಿಳಿಯಾಗಿ ಹೇಳುತ್ತೇನೆ. ಹುಡುಗಿ ದೊಡ್ಡವಳಾದ ಕೂಡಲೇ ಅವಳ ಮೈ ಬಸಿರಿಗೆ ಸಿದ್ಧವಾಯಿತು ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದು ತಪ್ಪು. ಮುಟ್ಟು ಶುರುವಾದ ಮೇಲೂ ಹಲವು ವರ್ಷ ಸೊಂಟದ ಎಲುಬು ಬೆಳೆಯುತ್ತಲೇ ಇರುತ್ತದೆ. ಹುಡುಗಿ ತಾನೇ ಎತ್ತರ, ತೂಕ ಪಡೆಯಬೇಕಾದ ಕಾಲ ಅದು. ಆಗ ಬಸಿರಾದರೆ ತಿಂದ ಅನ್ನಕ್ಕೆ, ಕಬ್ಬಿಣಾಂಶಕ್ಕೆ, ಸುಣ್ಣದ ಅಂಶಕ್ಕೆ ಒಂದೇ ಮೈಯಲ್ಲಿ ಇಬ್ಬರು ಪಾಲುದಾರರು. ಮೊದಲೇ ನಮ್ಮ ದೇಶದಲ್ಲಿ 15ರಿಂದ 19 ವರ್ಷದ ಹೆಣ್ಣುಮಕ್ಕಳಲ್ಲಿ ಶೇಕಡ 59 ಮಂದಿಗೆ ರಕ್ತಹೀನತೆ ಇದೆ. ಅಂಥವಳಿಗೆ ಹೆರಿಗೆಯ ಹೊತ್ತಿನಲ್ಲಿ ಸ್ವಲ್ಪ ಹೆಚ್ಚು ರಕ್ತ ಹೋದರೂ ತಡೆಯುವ ಶಕ್ತಿ ಇರುವುದಿಲ್ಲ. ಬಿಪಿ ಏರಿ ಫಿಟ್ಸ್ ಬರುವ ಗರ್ಭನಂಜು, ಹೆರಿಗೆ ಅರ್ಧಕ್ಕೆ ನಿಲ್ಲುವುದು, ಬಾಣಂತನದಲ್ಲಿ ಗರ್ಭಕೋಶಕ್ಕೆ ಸೋಂಕು ತಗಲುವುದು, ಇವೆಲ್ಲ ಚಿಕ್ಕ ವಯಸ್ಸಿನ ತಾಯಂದಿರಲ್ಲಿ ಹೆಚ್ಚು. ಲೋಕದಾದ್ಯಂತ 15ರಿಂದ 19ರ ಹುಡುಗಿಯರ ಸಾವಿಗೆ ಇರುವ ಮುಖ್ಯ ಕಾರಣಗಳಲ್ಲಿ ಬಸಿರು ಮತ್ತು ಹೆರಿಗೆಯ ತೊಂದರೆಗಳೂ ಸೇರಿವೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಮಗುವಿನ ಪಾಡೂ ಅಷ್ಟೆ. ದಿನ ತುಂಬುವ ಮೊದಲೇ ಹುಟ್ಟುವುದು, ಎರಡೂವರೆ ಕಿಲೋಗಿಂತ ಕಡಿಮೆ ತೂಕವಿರುವುದು ಇಂಥ ಹೆರಿಗೆಗಳಲ್ಲಿ ಹೆಚ್ಚು. ಕಡಿಮೆ ತೂಕದ ಮಗು ಬದುಕಿ ಉಳಿದರೂ ಮೊದಲ ವರ್ಷವೆಲ್ಲ ಒಂದಲ್ಲ ಒಂದು ಕಾಯಿಲೆ. ಮೊಲೆ ಚೀಪುವ ಶಕ್ತಿ ಇರುವುದಿಲ್ಲ, ಮೈ ಬೆಚ್ಚಗಿರುವುದಿಲ್ಲ. ಆ ಮಗು ಹೆಣ್ಣಾಗಿದ್ದು, ಅದೇ ಮನೆಯ ಅದೇ ಊಟದಲ್ಲಿ ಬೆಳೆದು, ಅದೇ ವಯಸ್ಸಿಗೆ ಮದುವೆಯಾದರೆ ಮತ್ತೊಂದು ಬಡಕಲು ತಾಯಿ ಸಿದ್ಧವಾದಂತೆ. ಬಡತನ ಆಸ್ತಿಯಂತೆ ತಾಯಿಯಿಂದ ಮಗಳಿಗೆ ಇಳಿಯುತ್ತದೆ.

ಹಾಗಾದರೆ ತಂದೆತಾಯಿ ಹೀಗೇಕೆ ಮಾಡುತ್ತಾರೆ? ಮಗಳ ಮೇಲೆ ಮಮತೆ ಇಲ್ಲದೆ ಮಾಡುತ್ತಾರೆ ಎಂದು ನಾನು ನಂಬುವುದಿಲ್ಲ. ಅವರ ಲೆಕ್ಕಾಚಾರವನ್ನು ಕೂತು ಕೇಳಬೇಕು. ಒಬ್ಬ ತಂದೆಯನ್ನು ವಾರ್ಡಿನ ಹೊರಗೆ ಕೂರಿಸಿಕೊಂಡು ಕೇಳಿದ್ದೆ. ಅವರೆಂದರು: “ಮಳಿ ಹೋತಂದ್ರ ನಾವು ಗುಳೆ ಹೋಗಬೇಕ್ರಿ ಮೇಡಂ. ಬೆಂಗಳೂರಿನ್ಯಾಗ ಕಟ್ಟಡದ ಕೆಲಸ, ತಗಡಿನ ಶೆಡ್ಡು. ಬೆಳದ ಹುಡುಗಿನ್ನ ಅಲ್ಲಿ ಹ್ಯಾಂಗ ಇಟಗೊಳ್ಳೂದು? ಊರಾಗ ಬಿಡೂಣಂದ್ರ ಮುದುಕಿ ಒಬ್ಬಾಕಿ ಅದಾಳ. ಏನರ ಆದ್ರ ಯಾರ್ನ ಕೇಳೂಣು?” ಈ ಪ್ರಶ್ನೆಗೆ ನನ್ನ ಔಷಧದ ಚೀಟಿಯಲ್ಲಿ ಉತ್ತರವಿರಲಿಲ್ಲ. ಆ ಊರಿಗೆ ಹತ್ತಿರದಲ್ಲೊಂದು ಹಾಸ್ಟೆಲು ಇದ್ದಿದ್ದರೆ ಉತ್ತರವಿರುತ್ತಿತ್ತು.

ಕಾರಣಗಳು ಒಂದರ ಜೊತೆ ಒಂದು ಹೆಣೆದುಕೊಂಡಿರುತ್ತವೆ. ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದನ್ನೂ ಮುಗಿಸಿದರೆ ಒಂದು ಖರ್ಚು ಉಳಿಯುತ್ತದೆ. ಹುಡುಗಿಯ ವಯಸ್ಸು, ಓದು ಏರಿದಷ್ಟೂ ವರದಕ್ಷಿಣೆ ಏರುತ್ತದೆ ಎಂಬ ಅಂಜಿಕೆ. ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟರೆ ಹೊಲ ಮನೆ ನಮ್ಮಲ್ಲೇ ಉಳಿಯುತ್ತದೆ, ಮಗಳು ಕಣ್ಣೆದುರಿಗೇ ಇರುತ್ತಾಳೆ ಎಂಬ ಸಮಾಧಾನ. ಅಜ್ಜಿ ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಮದುವೆ ನೋಡಬೇಕೆಂಬ ಆಸೆ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಕಟಾವಿನ ಮುಂಗಡವನ್ನು ಗಂಡ ಹೆಂಡತಿಯ ಜೋಡಿಗೆ ಕೊಡುವ ರೂಢಿ ಇದೆ. ಅಲ್ಲಿ ಹುಡುಗನಿಗೆ ಮದುವೆಯಾದರೆ ಮುಂಗಡವೂ ಜಾಸ್ತಿ. ಇವೆಲ್ಲಕ್ಕಿಂತ ದೊಡ್ಡದು ಭಯ. ದಾರಿಯಲ್ಲಿ ಹುಡುಗರು ಚುಡಾಯಿಸಿದರೆ, ಮಗಳು ಯಾರನ್ನಾದರೂ ಇಷ್ಟಪಟ್ಟರೆ, ಬೇರೆ ಜಾತಿಯ ಹುಡುಗನ ಜೊತೆ ಹೋಗಿಬಿಟ್ಟರೆ ಎಂಬ ಭಯ. “ಜವಾಬ್ದಾರಿ ಕಳಕೊಂಡ್ವಿ” ಎಂದು ಮದುವೆಯ ಮರುದಿನ ಹೇಳುವ ತಂದೆ ನಿಜಕ್ಕೂ ನಿಟ್ಟುಸಿರು ಬಿಟ್ಟಿರುತ್ತಾನೆ. ಆ ಹೊರೆ ತನ್ನ ಹೆಗಲಿನಿಂದ ಹದಿನಾರರ ಮಗಳ ಹೆಗಲಿಗೆ ಹೋಯಿತೆಂಬುದು ಆಗ ಅವನಿಗೆ ಕಾಣುವುದಿಲ್ಲ.

ಕೊರೊನಾ ಕಾಲದಲ್ಲಿ ಇದು ಎಷ್ಟು ನಿಜವೆಂದು ಕಂಡೆವು. ಶಾಲೆಗಳ ಬಾಗಿಲು ಮುಚ್ಚಿತು, ಕೂಲಿ ನಿಂತಿತು, ಐವತ್ತು ಜನರೊಳಗೆ ಮದುವೆ ಮುಗಿಸಲು ಅವಕಾಶವಾಯಿತು. ಕಡಿಮೆ ಖರ್ಚಿನಲ್ಲಿ ಆಗಿಹೋಗುತ್ತದೆ ಎಂದು ಎಷ್ಟೋ ಮನೆಗಳಲ್ಲಿ ಅವಸರ ಮಾಡಿದರು. ಶಾಲೆ ತೆರೆದಾಗ ಆ ಹುಡುಗಿಯರು ಹಿಂದಿರುಗಲಿಲ್ಲ.

ಈಗ ಇದರ ಹಣಕಾಸಿನ ಮಗ್ಗುಲನ್ನು ನೋಡೋಣ. ಐದನೇ ಸುತ್ತಿನ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು. ಜನಸಂಖ್ಯೆಯ ದೃಷ್ಟಿಯಿಂದ ನಾವು ಗೆದ್ದಿದ್ದೇವೆ ಎಂದೇ ಹೇಳಬೇಕು. ಆದರೆ ಬೇಗ ಮದುವೆಯಾದ ಹುಡುಗಿಯ ಬದುಕನ್ನು ಬಿಡಿಸಿ ನೋಡಿ. ಹದಿನೇಳಕ್ಕೆ ಮೊದಲ ಮಗು, ಇಪ್ಪತ್ತಕ್ಕೆ ಎರಡನೆಯದು, ಇಪ್ಪತ್ತೈದು ತುಂಬುವ ಮೊದಲೇ ಆಪರೇಷನ್. ಸಂಸಾರ ಚಿಕ್ಕದೇ. ಆದರೆ ಅವಳ ಮುಂದೆ ಇನ್ನೂ ಮೂವತ್ತೈದು, ನಲವತ್ತು ವರ್ಷದ ದುಡಿಮೆ ಬಿದ್ದಿದೆ. ಆ ದುಡಿಮೆಗೆ ಬೇಕಾದ ಓದಿಲ್ಲ, ಕಸುಬಿಲ್ಲ, ರಕ್ತವಿಲ್ಲ. ಉಳಿದಿರುವುದು ಕಳೆ ಕೀಳುವುದು, ಇಟ್ಟಿಗೆ ಹೊರುವುದು. ನರ್ಸಿಂಗ್ ತರಬೇತಿಗೆ ಸೇರಬೇಕಾದರೆ ಪಿಯುಸಿ ಬೇಕು. ಅದೇ ಊರಿನ ಅಂಗನವಾಡಿ ಕಾರ್ಯಕರ್ತೆಯ ಹುದ್ದೆಗೂ ಈಗ ಪಿಯುಸಿ ಬೇಕು. ಎರಡೇ ವರ್ಷದ ಓದು ತಪ್ಪಿಹೋಗಿ ಅವಳ ಜೀವಮಾನದ ಸಂಬಳ ತಪ್ಪಿತು.

ಬಾಲ್ಯದಲ್ಲಿ ಮದುವೆಯಾದ ಹೆಂಗಸರ ಗಳಿಕೆ, ತಡವಾಗಿ ಮದುವೆಯಾಗಿದ್ದರೆ ಎಷ್ಟಿರುತ್ತಿತ್ತೋ ಅದಕ್ಕಿಂತ ಸರಾಸರಿ ಶೇಕಡ 9ರಷ್ಟು ಕಡಿಮೆ ಎಂದು ವಿಶ್ವಬ್ಯಾಂಕ್ ಹಲವು ದೇಶಗಳ ಲೆಕ್ಕ ಹಾಕಿ 2017ರಲ್ಲಿ ಹೇಳಿತ್ತು. ಇದರ ಮೇಲೆ ಆಸ್ಪತ್ರೆ ಖರ್ಚು ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ ಉಚಿತ. ಆದರೂ ಫಿಟ್ಸ್ ಬಂದು ಜಿಲ್ಲಾ ಆಸ್ಪತ್ರೆಗೆ, ಅಲ್ಲಿಂದ ಹುಬ್ಬಳ್ಳಿಗೋ ಕಲಬುರಗಿಗೋ ಓಡಿಸಬೇಕಾಗಿ ಬಂದಾಗ, ಮಗುವನ್ನು ವಾರಗಟ್ಟಲೆ ಐಸಿಯುವಿನಲ್ಲಿ ಇಡಬೇಕಾಗಿ ಬಂದಾಗ ಮನೆಯವರ ಕೂಲಿ ನಿಲ್ಲುತ್ತದೆ, ಸಾಲ ಹುಟ್ಟುತ್ತದೆ. ಮದುವೆಯ ಸಾಲ ತೀರುವ ಮೊದಲೇ ಬಾಣಂತನದ ಸಾಲ. ಖರ್ಚು ಉಳಿಸಲೆಂದು ಮಾಡಿದ ಮದುವೆಯಿಂದ ಮನೆ ಇನ್ನಷ್ಟು ಬಡವಾಗುತ್ತದೆ.

ಕಾನೂನು ಏನು ಮಾಡಿದೆ ಎಂದು ಕೇಳಬಹುದು. ಈ ವಿಷಯದಲ್ಲಿ ನಮ್ಮ ನಾಡು ಬಹಳ ಹಿಂದೆಯೇ ಎಚ್ಚೆತ್ತಿತ್ತು. 1894ರಲ್ಲೇ ಮೈಸೂರು ಸಂಸ್ಥಾನ 8 ವರ್ಷದೊಳಗಿನ ಹೆಣ್ಣುಮಗುವಿನ ಮದುವೆಯನ್ನೂ, 50 ದಾಟಿದ ಗಂಡಸು 14ರೊಳಗಿನ ಹುಡುಗಿಯನ್ನು ಮದುವೆಯಾಗುವುದನ್ನೂ ನಿಷೇಧಿಸಿತು. 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯ ಮದುವೆಯ ವಯಸ್ಸನ್ನು 14 ಮಾಡಿತು. 1949ರಲ್ಲಿ ಅದು 15 ಆಯಿತು, 1978ರಲ್ಲಿ 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು. ಹೈಕೋರ್ಟಿನ ಸೂಚನೆಯಂತೆ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ಕರ್ನಾಟಕದ ಸ್ಥಿತಿಗತಿಯನ್ನು ಅಧ್ಯಯನ ಮಾಡಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ನಮ್ಮ ರಾಜ್ಯ 2006ರ ಕಾಯ್ದೆಗೆ ತಿದ್ದುಪಡಿ ತಂದು, ಇಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅನೂರ್ಜಿತ, ಅಂದರೆ ಮದುವೆಯೇ ನಡೆದಿಲ್ಲವೆಂದು ಲೆಕ್ಕ, ಎಂದು ಸಾರಿತು. 2017ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು 18 ತುಂಬದ ಹೆಂಡತಿಯ ಜೊತೆ ದೈಹಿಕ ಸಂಬಂಧವೂ ಅತ್ಯಾಚಾರವೇ ಎಂದು ತೀರ್ಪು ಕೊಟ್ಟಾಗ ಕರ್ನಾಟಕದ ಈ ತಿದ್ದುಪಡಿಯನ್ನು ಮೆಚ್ಚಿ ಉಲ್ಲೇಖಿಸಿತು.

ಈ ಕಾನೂನುಗಳು ಬೇಕು. ಇವುಗಳಿಂದಾಗಿ ಎಷ್ಟೋ ಮದುವೆಗಳು ಚಪ್ಪರದಲ್ಲೇ ನಿಂತಿವೆ. ಮಕ್ಕಳ ಸಹಾಯವಾಣಿ 1098ಕ್ಕೆ ಒಂದು ಫೋನ್ ಹೋದರೆ ಅಧಿಕಾರಿಗಳು ಬರುತ್ತಾರೆ. ಪಂಚಾಯಿತಿಯ ಪಿಡಿಒ, ಶಾಲೆಯ ಮುಖ್ಯೋಪಾಧ್ಯಾಯರು, ಮಕ್ಕಳ ಅಭಿವೃದ್ಧಿ ಯೋಜನಾಧಿಕಾರಿ, ಇವರೆಲ್ಲ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ನಿಷೇಧಾಧಿಕಾರಿಗಳು. ಮದುವೆ ನಡೆಯುವ ಮೊದಲೇ ಮ್ಯಾಜಿಸ್ಟ್ರೇಟರಿಂದ ತಡೆಯಾಜ್ಞೆ ತರಬಹುದು. ಆದರೆ ತಡೆದ ಮದುವೆ ಆರು ತಿಂಗಳ ನಂತರ ಬೇರೆ ಊರಿನ ಗುಡಿಯಲ್ಲಿ ನಡೆದ ಉದಾಹರಣೆಗಳೂ ಇವೆ. ಹುಡುಗಿ ಮನೆಯಲ್ಲೇ ಕೂತಿದ್ದಾಳೆ, ಗುಳೆ ನಿಂತಿಲ್ಲ, ಭಯ ಹೋಗಿಲ್ಲ ಎಂದಾದರೆ ಮುಹೂರ್ತ ಮುಂದಕ್ಕೆ ಹೋಗುತ್ತದೆ, ಅಷ್ಟೆ.

ಕಾನೂನಿನ ಇನ್ನೊಂದು ಮುಖ ಆಸ್ಪತ್ರೆಯವರಿಗೆ ಗೊತ್ತು. 18 ತುಂಬದ ಹುಡುಗಿ ಬಸಿರಾಗಿ ಬಂದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆಯ ಪ್ರಕಾರ ನಾವು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ನಮ್ಮದೇ ಅಪರಾಧ. ಹುಡುಗಿಯ ಮೇಲೆ ದೌರ್ಜನ್ಯ ನಡೆದಿದ್ದರೆ ಈ ನಿಯಮ ಅವಳ ಕಾವಲು. ಆದರೆ ಗಂಡ ಜೈಲಿಗೆ ಹೋಗುತ್ತಾನೆ ಎಂಬ ಹೆದರಿಕೆಯಿಂದ ಮನೆಯವರು ಹುಡುಗಿಯನ್ನು ಆಸ್ಪತ್ರೆಗೇ ಕರೆತರದೆ ಬಚ್ಚಿಡುವುದೂ ಉಂಟು. ತಾಯಿ ಕಾರ್ಡ್ ಮಾಡಿಸುವುದಿಲ್ಲ. ಕಬ್ಬಿಣದ ಮಾತ್ರೆ ಇಲ್ಲ, ಸ್ಕ್ಯಾನಿಂಗ್ ಇಲ್ಲ. ಮಾತೃಪೂರ್ಣ ಯೋಜನೆಯಲ್ಲಿ ಅಂಗನವಾಡಿಯಲ್ಲಿ ಸಿಗುವ ಬಿಸಿಯೂಟವೂ ಇಲ್ಲ. ಕೊನೆಗೆ ನೋವು ತಡೆಯಲಾಗದೆ, ಮುಖ ಕೈಕಾಲು ಊದಿಕೊಂಡು, ಕಣ್ಣು ಮಂಜಾಗಿ ಬರುತ್ತಾಳೆ. ಆಗ ತಡವಾಗಿರುತ್ತದೆ.

ಕೇಳುತ್ತಿರುವ ತಂದೆತಾಯಂದಿರಿಗೆ, ಅತ್ತೆಮಾವಂದಿರಿಗೆ ಕೈಮುಗಿದು ಹೇಳುತ್ತೇನೆ. ಆಗಬಾರದ್ದು ಆಗಿಹೋಗಿದ್ದರೂ ಹುಡುಗಿಯನ್ನು ಆಸ್ಪತ್ರೆಯಿಂದ ದೂರ ಇಡಬೇಡಿ. ವಯಸ್ಸು ಹೆಚ್ಚು ಹೇಳಿ ನಮ್ಮ ಕಣ್ಣು ಕಟ್ಟಬೇಡಿ. ಹದಿನೇಳು ಎಂದು ಗೊತ್ತಾದರೆ ನಾವು ಅವಳ ಬಿಪಿ, ರಕ್ತ ಹೆಚ್ಚು ಸಲ ನೋಡುತ್ತೇವೆ, ಹೆರಿಗೆಗೆ ದೊಡ್ಡ ಆಸ್ಪತ್ರೆಯನ್ನು ಮೊದಲೇ ಗೊತ್ತುಮಾಡುತ್ತೇವೆ. ಸುಳ್ಳು ವಯಸ್ಸಿನಿಂದ ಕಾರ್ಡಿನ ಮೇಲೆ ಅವಳು ದೊಡ್ಡವಳಾಗುತ್ತಾಳೆಯೇ ಹೊರತು ಅವಳ ಸೊಂಟದ ಎಲುಬು ದೊಡ್ಡದಾಗುವುದಿಲ್ಲ.

ಮದುವೆಯಾಗದೆ ಬಸಿರಾದ ಹುಡುಗಿಯರ ಮಾತನ್ನೂ ಆಡಲೇಬೇಕು. ಅವರ ಸಂಖ್ಯೆ ಕಡಿಮೆ ಇರಬಹುದು, ಸಂಕಟ ಕಡಿಮೆಯಲ್ಲ. ಕೆಲವರ ಪಾಲಿಗೆ ಅದು ಪ್ರೀತಿಯೆಂದು ನಂಬಿ ಕೆಟ್ಟ ಕತೆ. ಇನ್ನು ಕೆಲವರದು ಮನೆಯವರೇ, ನೆಂಟರೇ, ನೆರೆಯವರೇ, ಗುರುತು ಪರಿಚಯದವರೇ ಹೆದರಿಸಿ ಮಾಡಿದ ದೌರ್ಜನ್ಯ. ಈ ವಯಸ್ಸಿನಲ್ಲಿ ಮುಟ್ಟು ಹಿಂದುಮುಂದಾಗುವುದು ಸಾಮಾನ್ಯವಾದ್ದರಿಂದ ಹುಡುಗಿಗೇ ಮೊದಲು ತಿಳಿಯುವುದಿಲ್ಲ. ತಿಳಿದ ಮೇಲೆ ಹೇಳುವ ಧೈರ್ಯ ಇರುವುದಿಲ್ಲ. ಐದಾರು ತಿಂಗಳಾದ ಮೇಲೆ ತಾಯಿಗೆ ಗೊತ್ತಾದರೆ ಮನೆಯವರು ಕತ್ತಲಲ್ಲಿ ನಾಟಿ ಔಷಧದವರ ಬಳಿಗೆ ಓಡುತ್ತಾರೆ. ಅದು ಪ್ರಾಣಕ್ಕೇ ಸಂಚಕಾರ. ಗರ್ಭಪಾತ ಕಾಯ್ದೆಗೆ 2021ರಲ್ಲಿ ಆದ ತಿದ್ದುಪಡಿಯ ನಂತರ ಅಪ್ರಾಪ್ತ ಹುಡುಗಿಗೆ 24 ವಾರಗಳವರೆಗೆ ಕಾನೂನುಬದ್ಧವಾಗಿ ಗರ್ಭಪಾತ ಮಾಡಿಸಿಕೊಳ್ಳುವ ಅವಕಾಶವಿದೆ. ಪೋಷಕರ ಒಪ್ಪಿಗೆ ಬೇಕು, 20 ವಾರ ದಾಟಿದ್ದರೆ ಇಬ್ಬರು ವೈದ್ಯರ ಅಭಿಪ್ರಾಯವೂ ಬೇಕು. 2022ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಇನ್ನೊಂದು ಉಪಕಾರ ಮಾಡಿತು. ಗರ್ಭಪಾತಕ್ಕೆ ಬಂದ ಅಪ್ರಾಪ್ತೆ ಮತ್ತು ಅವಳ ಪೋಷಕರು ಕೇಳಿಕೊಂಡರೆ, ಪೊಲೀಸರಿಗೆ ಮಾಹಿತಿ ಕೊಡುವಾಗ ವೈದ್ಯರು ಅವಳ ಹೆಸರು, ಗುರುತು ತಿಳಿಸಬೇಕಾಗಿಲ್ಲ ಎಂದಿತು. ಹೆತ್ತ ಮಗುವನ್ನು ಸಾಕಲಾಗದಿದ್ದರೆ ಮಕ್ಕಳ ಕಲ್ಯಾಣ ಸಮಿತಿಗೆ ಒಪ್ಪಿಸಬಹುದು. ಮನಸ್ಸು ಬದಲಾಯಿಸಲು ಎರಡು ತಿಂಗಳ ಕಾಲಾವಕಾಶವೂ ಇದೆ. ಯಾವ ಕೂಸೂ ಪೊದೆಯ ಪಾಲಾಗಬೇಕಾಗಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಾನು ಗಟ್ಟಿಯಾಗಿ ನಂಬಿರುವ ಒಂದು ಮಾತನ್ನು ಹೇಳಬೇಕು. ಹುಡುಗಿಗೆ 15 ತುಂಬಿದ ಮೇಲಿಂದ 18 ತುಂಬುವವರೆಗಿನ ಮೂರು ವರ್ಷವನ್ನು ನಾವು ಕಾಪಾಡಿಕೊಟ್ಟರೆ ಈ ಸಮಸ್ಯೆಯ ಬಹುಪಾಲು ಬಗೆಹರಿಯುತ್ತದೆ. ಇದಕ್ಕೆ ಆಧಾರವಿದೆ. ಅದೇ ಐದನೇ ಸುತ್ತಿನ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶಾಲೆಯ ಮುಖವನ್ನೇ ನೋಡದ 15ರಿಂದ 19ರ ಹುಡುಗಿಯರಲ್ಲಿ ಶೇಕಡ 18 ಮಂದಿ ಆಗಲೇ ತಾಯಂದಿರು ಅಥವಾ ಗರ್ಭಿಣಿಯರು. ಹನ್ನೆರಡು ವರ್ಷ ಓದಿದವರಲ್ಲಿ ಆ ಪ್ರಮಾಣ ಶೇಕಡ 4 ಮಾತ್ರ. ಕಡುಬಡವರ ಮನೆಗಳಲ್ಲಿ ಶೇಕಡ 10, ಸ್ಥಿತಿವಂತರಲ್ಲಿ ಶೇಕಡ 2. ಓದು ಮತ್ತು ಅನ್ನ ಇದ್ದ ಕಡೆ ಹುಡುಗಿ ಹುಡುಗಿಯಾಗಿಯೇ ಬೆಳೆಯುತ್ತಾಳೆ.

ಆ ಮೂರು ವರ್ಷ ಕೈತಪ್ಪುವುದು ಯಾಕೆ? ಹತ್ತನೇ ತರಗತಿಯವರೆಗೆ ಶಾಲೆ ಊರಿನಲ್ಲೋ ಪಕ್ಕದ ಊರಿನಲ್ಲೋ ಇರುತ್ತದೆ. ಪಿಯು ಕಾಲೇಜು ಇರುವುದು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಯಿತು. ಟಿಕೆಟ್ಟಿನ ಚಿಂತೆ ಹೋಯಿತು, ದೊಡ್ಡ ಉಪಕಾರವೇ. ಆದರೆ ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಬಸ್ಸು ಊರಿಗೆ ಬರಬೇಕು, ಕೈಮಾಡಿದಾಗ ನಿಲ್ಲಬೇಕು, ಸಂಜೆ ಬೆಳಕಿರುವಾಗಲೇ ಊರು ಮುಟ್ಟಿಸಬೇಕು. ಸಂಜೆಯ ಬಸ್ಸು ತಪ್ಪಿ ಮಗಳು ಕತ್ತಲಾದ ಮೇಲೆ ಎರಡು ಮೈಲಿ ನಡೆದು ಬಂದ ದಿನವೇ ಮನೆಯಲ್ಲಿ ಮದುವೆಯ ಮಾತು ಶುರುವಾಗುತ್ತದೆ. ಡಿಪೊ ಮ್ಯಾನೇಜರ್ ಹಾಕುವ ವೇಳಾಪಟ್ಟಿಯೂ ಈ ವಿಷಯದಲ್ಲಿ ಹೆರಿಗೆ ವೈದ್ಯರಷ್ಟೇ ಕೆಲಸ ಮಾಡಬಲ್ಲದು. ಗುಳೆ ಹೋಗುವ ತಾಲ್ಲೂಕುಗಳಲ್ಲಿ ಎಂಟನೇ ತರಗತಿಯಿಂದ ಪಿಯುಸಿ ಮುಗಿಯುವವರೆಗೆ ಹೆಣ್ಣುಮಕ್ಕಳಿಗೆ ಭದ್ರವಾದ ಹಾಸ್ಟೆಲು ಬೇಕು. ವಾರ್ಡನ್ ಹೆಂಗಸಾಗಿರಬೇಕು, ಕಾಂಪೌಂಡು ಇರಬೇಕು, ನೀರಿರುವ ಶೌಚಾಲಯ ಇರಬೇಕು. 2006-07ರಲ್ಲಿ ಶುರುವಾದ ಭಾಗ್ಯಲಕ್ಷ್ಮಿ ಬಾಂಡಿನ ಹಣ ಕೈಗೆ ಬರುವುದು 18 ತುಂಬಿದ ಮೇಲೆ, ಅದೂ ಅಷ್ಟರೊಳಗೆ ಮದುವೆ ಆಗಿರದಿದ್ದರೆ. ಈ ಷರತ್ತನ್ನು ತಂದೆತಾಯಿಗೆ ಮತ್ತೆ ಮತ್ತೆ ನೆನಪಿಸಬೇಕು. ಆ ಹಣವನ್ನು ಮದುವೆಯ ಖರ್ಚಿಗೆಂದು ಎತ್ತಿಡದೆ ಡಿಗ್ರಿಗೋ ನರ್ಸಿಂಗಿಗೋ ಹಾಕಬೇಕು.

ಇದರ ಜೊತೆಗೆ ತಿಳಿವಳಿಕೆ. ಮೈಯ ಬಗ್ಗೆ, ಮುಟ್ಟಿನ ಬಗ್ಗೆ, ಮಗು ಹೇಗೆ ಆಗುತ್ತದೆ ಎಂಬುದರ ಬಗ್ಗೆ ಮಕ್ಕಳೊಡನೆ ಮಾತಾಡಿದರೆ ಕೆಟ್ಟುಹೋಗುತ್ತಾರೆ ಎಂಬ ನಂಬಿಕೆ ಇನ್ನೂ ಇದೆ. 1930ರಷ್ಟು ಹಿಂದೆಯೇ ಪ್ರಮುಖ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣದ ಚಿಕಿತ್ಸಾಲಯ ತೆರೆಯಲು ಆದೇಶ ಹೊರಡಿಸಿದ ಸರ್ಕಾರ ನಮ್ಮ ಮೈಸೂರಿನದು. ಆ ಧೈರ್ಯದ ವಾರಸುದಾರರು ನಾವು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹಾ ಕ್ಲಿನಿಕ್‌ಗಳಿವೆ. ಅಲ್ಲಿ ಹೋಗಿ ಕೇಳಲು ನಾಚಿಕೊಳ್ಳಬೇಕಾಗಿಲ್ಲ. ಹುಡುಗರಿಗೂ ಇದೇ ಪಾಠ ಆಗಬೇಕು. ಹುಡುಗಿ ಬೇಡ ಎಂದರೆ ಬೇಡ ಎಂದೇ ಅರ್ಥ, ಹದಿನೆಂಟು ತುಂಬದವಳನ್ನು ಮದುವೆಯಾದರೆ ತನ್ನ ಬದುಕೂ ಹಾಳು ಎಂಬುದು ಇಪ್ಪತ್ತರ ಹುಡುಗನಿಗೆ ಗೊತ್ತಿರಬೇಕು. 18 ತುಂಬಿ ಮದುವೆಯಾದವರೂ ಮೊದಲ ಮಗುವಿಗೆ ಅವಸರ ಮಾಡಬೇಕಾಗಿಲ್ಲ. ನಿರೋಧ್, ಮಾಲಾ-ಎನ್ ಮತ್ತು ಛಾಯಾ ಮಾತ್ರೆ, ಅಂತರಾ ಚುಚ್ಚುಮದ್ದು ಸರ್ಕಾರದ ಕಡೆಯಿಂದ ಉಚಿತವಾಗಿಯೇ ಸಿಗುತ್ತವೆ. “ವರ್ಷವಾಯಿತು, ಇನ್ನೂ ಏನೂ ವಿಶೇಷ ಇಲ್ಲವಾ?” ಎಂದು ಸೊಸೆಯನ್ನು ಕೇಳುವ ಹಿರಿಯರು ಆ ಒಂದು ಪ್ರಶ್ನೆಯನ್ನು ಕೇಳದಿದ್ದರೆ ದೊಡ್ಡ ಸಹಾಯ ಮಾಡಿದಂತೆ.

ಈಗಾಗಲೇ ತಾಯಿಯಾದ ಹುಡುಗಿಯನ್ನು ಮಾತ್ರ ಯಾರೂ ಮುಗಿದ ಅಧ್ಯಾಯ ಎಂದು ಬಿಟ್ಟುಬಿಡಬೇಡಿ. ಬಸಿರಾದವಳು, ಹೆತ್ತವಳು ಓದಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ಎಸ್‌ಎಸ್‌ಎಲ್‌ಸಿ, ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಬಹುದು. ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶವೂ ಇದೆ. ಕೂಸನ್ನು ಅಜ್ಜಿ ಎತ್ತಿಕೊಂಡರೆ ತಾಯಿ ಪುಸ್ತಕ ಹಿಡಿಯುತ್ತಾಳೆ. ಎರಡನೇ ಮಗುವಿಗೆ ಕನಿಷ್ಠ ಮೂರು ವರ್ಷ ಅಂತರ ಇಡುವಂತೆ ಗಂಡನಿಗೂ ಅತ್ತೆಗೂ ಆಶಾ ಕಾರ್ಯಕರ್ತೆಯರು ಒತ್ತಿ ಹೇಳಬೇಕು. ಓದಿ ಕೆಲಸಕ್ಕೆ ಸೇರಿದ ಚಿಕ್ಕ ತಾಯಿ ತನ್ನ ಮಗಳನ್ನು ಹದಿನಾರಕ್ಕೆ ಮದುವೆ ಮಾಡಿಕೊಡುವುದಿಲ್ಲ.

ಕೊನೆಯದಾಗಿ ಪಂಚಾಯಿತಿಯ ಸದಸ್ಯರಿಗೆ, ಶಿಕ್ಷಕರಿಗೆ, ಊರಿನ ಹಿರಿಯರಿಗೆ ಒಂದು ಬಿನ್ನಹ. ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ನಡೆಯುತ್ತದೆ. ಅಲ್ಲಿ ಹುಡುಗಿಯರು ಎದ್ದು ನಿಂತು ಮಾತಾಡುತ್ತಾರೆ. ಬಸ್ಸು ಎಂಟೂವರೆಗೆ ಬರಲಿ ಎನ್ನುತ್ತಾರೆ, ಬೀದಿದೀಪ ಹಾಕಿಸಿ ಎನ್ನುತ್ತಾರೆ, ಹಾಸ್ಟೆಲ್ ಕೊಡಿ ಎನ್ನುತ್ತಾರೆ, ನನ್ನ ಗೆಳತಿಯ ಮದುವೆ ನಿಲ್ಲಿಸಿ ಎನ್ನುತ್ತಾರೆ. ಚಪ್ಪಾಳೆ ತಟ್ಟಿ, ಬಿಸ್ಕತ್ತು ಹಂಚಿ ಅವರನ್ನು ಕಳಿಸಿಬಿಡಬೇಡಿ. ಆ ಮಾತುಗಳನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಯಾರು ಯಾವ ತಾರೀಕಿನೊಳಗೆ ಮಾಡಬೇಕೆಂದು ಗೊತ್ತುಮಾಡಿ. ಮುಂದಿನ ಸಭೆಯಲ್ಲಿ ಏನಾಯಿತೆಂದು ಅದೇ ಹುಡುಗಿಯರ ಎದುರು ಓದಿ ಹೇಳಿ. ಅವರು ಕೇಳುತ್ತಿರುವುದು ಮೂರೇ ವರ್ಷ. ಅದನ್ನು ಕೊಡುವಷ್ಟು ಶಕ್ತಿ ನಮ್ಮ ಪ್ರತಿಯೊಂದು ಪಂಚಾಯಿತಿಗೂ ಇದೆ.